ಪಾಳಿ ಬಿಟ್ಟುಕೊಡದ ಜೀಪಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜೀಪ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಒಲೆ ಕೂಡ ಹೊತ್ತಿಲ್ಲ. ಸಾಲಿನ ಮೊದಲ ಗಾಡಿಗೆ ಹತ್ತಿದ ಹೆಂಗಸು ಚಪ್ಪಲಿ ಬಿಚ್ಚಿ ಸೀಟಿನಡಿಗೆ ತಳ್ಳುತ್ತಾರೆ. ಬರಿಗಾಲನ್ನು ಆಕ್ಸಿಲರೇಟರ್ ಮೇಲಿಟ್ಟು, ಮಲಗಿದ ಕೂಸಿನ ಮೇಲೆ ಕೈಯಿಟ್ಟಷ್ಟು ಹಗುರಾಗಿ ಒತ್ತುತ್ತಾರೆ. ಅಷ್ಟಕ್ಕೇ ಇಂಜಿನ್ ಗುಡುಗುತ್ತದೆ. ಎದುರು ಮನೆಯ ಕಿಟಕಿ ದಢಾರನೆ ಮುಚ್ಚಿಕೊಳ್ಳುತ್ತದೆ.

“ಬೈಕೊಳ್ಳಲಿ ಬಿಡಿ. ಅವರಿಗೆ ಅಲಾರಂ ಇಡೋ ಕೆಲಸ ತಪ್ಪಿತು,” ಎಂದು ನಗುತ್ತಾರೆ ಜೀಪಕ್ಕ.

ಊರಿಗೆಲ್ಲ ಅವರು ಜೀಪಕ್ಕನೇ. ಗುಡ್ಡದ ನೆತ್ತಿಯ ಮನೆಗಳಿಗೆ ಗ್ಯಾಸ್ ಸಿಲಿಂಡರ್, ತರಕಾರಿ, ಔಷಧಿ, ಕೆಲಸ ಮುಗಿಸಿ ದಣಿದ ಜನ, ಎಲ್ಲವೂ ಏರುವುದು ಇವರ ಗಾಡಿಯಲ್ಲೇ. ಸ್ಟ್ಯಾಂಡಿನ ಉಳಿದ ಜೀಪುಗಳು ಅರ್ಧ ದಾರಿಯ ನೀರಿನ ಟ್ಯಾಂಕಿನ ಹತ್ತಿರ ನಿಂತುಬಿಡುತ್ತವೆ. ಅಲ್ಲಿಂದ ಮೇಲೆ ರಸ್ತೆ ಎನ್ನುವುದು ಹೆಸರಿಗೆ ಮಾತ್ರ, ಕಡಿದಾದ ತಿರುವು, ಎದ್ದ ಕಲ್ಲು. ಬೇರೆಯವರು ಇಳಿಸಿ ಕೈತೊಳೆದುಕೊಳ್ಳುವ ಆ ಜಾಗದಲ್ಲಿ ಜೀಪಕ್ಕ ಗೇರ್ ಬದಲಿಸುತ್ತಾರೆ. ದಿನಕ್ಕೆ ನಾಲ್ಕು ಸಲ ಹತ್ತುತ್ತಾರೆ, ನಾಲ್ಕು ಸಲ ಇಳಿಯುತ್ತಾರೆ.

ಮೊದಲು ಈ ಸ್ಟಿಯರಿಂಗ್ ಹಿಡಿದಿದ್ದವರು ಅವರ ಗಂಡ. ಬೆನ್ನುಮೂಳೆ ಕೈಕೊಟ್ಟು ಅವರು ಹಾಸಿಗೆ ಹಿಡಿದಾಗ ಮನೆಯಲ್ಲಿ ಇದ್ದದ್ದು ಒಂದು ಜೀಪು, ಅದನ್ನು ಓಡಿಸಲು ಬರುತ್ತಿದ್ದ ಇನ್ನೊಂದು ಜೀವ, ಹೆಂಡತಿ. ಆ ಹಳೇ ಗಾಡಿಯ ಇಂಜಿನ್ನಿಗೆ ಉಸಿರೇ ಇರಲಿಲ್ಲ. ತಿರುವು ಬರುವ ಮೊದಲೇ ಆಕ್ಸಿಲರೇಟರನ್ನು ಪೂರ್ತಿ ತುಳಿದರೆ ಮಾತ್ರ ಏದುಸಿರು ಬಿಡುತ್ತಾ ಹತ್ತುತ್ತಿತ್ತು. ವರ್ಷಗಟ್ಟಲೆ ಹಾಗೇ ತುಳಿದರು. ಒಂದು ದಿನ ಅದು ಟ್ಯಾಂಕಿನ ಹತ್ತಿರ ನಿಂತದ್ದು ಮತ್ತೆ ಏಳಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಈ ಜೀಪು. ಕೆಸರಿನಲ್ಲಿ ಜೀಪು ಓಡಿಸುವ ಪಂದ್ಯದ ಹುಚ್ಚು ಹಿಡಿದ ಯುವಕನೊಬ್ಬ ಹಳೇ ಜೀಪಿನ ಮೈಯೊಳಗೆ ಮಿನಿ ಲಾರಿಯ ಇಂಜಿನ್ ಕೂರಿಸಿ, ಅದಕ್ಕೆ ಇನ್ನಷ್ಟು ಬಲ ತುಂಬಿಸಿ ಓಡಿಸುತ್ತಿದ್ದ. ಮದುವೆ ಗೊತ್ತಾಯಿತು, ಹುಚ್ಚು ಬಿಟ್ಟಿತು, ಗಾಡಿ ಮಾರಾಟಕ್ಕೆ ಬಂತು.

ನೋಡಲು ಹೋದ ಸಂಜೆ ಜೀಪಕ್ಕ ಮೊದಲು ಮಾಡಿದ್ದು ಬಾನೆಟ್ ಮೇಲೆ ಅಂಗೈ ಇಟ್ಟದ್ದು. ಬಿಸಿ ಇತ್ತು. ಕೀಲಿಯನ್ನೂ ಕೇಳದೆ ಮನೆಗೆ ಬಂದರು. “ಬಿಸಿ ಇಂಜಿನ್ ಎಲ್ಲಾನೂ ಮುಚ್ಚಿಡುತ್ತೆ ಕಣ್ರೀ. ಮೊದಲೇ ಓಡಿಸಿ ನಿಲ್ಲಿಸಿದ್ರೆ ಎಂಥಾ ಮುದಿ ಇಂಜಿನ್ನೂ ಒಂದೇ ಸಲಕ್ಕೆ ಎದ್ದುಬಿಡುತ್ತೆ. ಅದರ ನಿಜವಾದ ಗುಣ ನೋಡ್ಬೇಕಂದ್ರೆ ನಿದ್ದೆಯಿಂದ ಎಬ್ಬಿಸ್ಬೇಕು,” ಎನ್ನುತ್ತಾರೆ.

ಮರುದಿನ ಹೇಳದೆ ಕೇಳದೆ ಬೆಳಗಿನ ಜಾವಕ್ಕೇ ಆ ಯುವಕನ ಬಾಗಿಲು ಬಡಿದರು. ಅವನು ಕಣ್ಣುಜ್ಜಿಕೊಳ್ಳುತ್ತಾ ಕೀಲಿ ಕೊಟ್ಟ. ತಣ್ಣಗಿದ್ದ ಇಂಜಿನ್ ಒಂದು ಸಲ ಕೆಮ್ಮಿ ಎದ್ದಿತು. ಜೀಪಕ್ಕ ಮನೆಗೆ ಫೋನ್ ಮಾಡಿ ಬಾನೆಟ್ಟಿನ ಹತ್ತಿರ ಹಿಡಿದರು. ಹಾಸಿಗೆಯಲ್ಲಿ ಮಲಗಿಯೇ ಕೇಳಿಸಿಕೊಂಡ ಗಂಡ ಹೇಳಿದರು: “ಇಂಜಿನ್ನಿಗೇನೂ ಆಗಿಲ್ಲ. ಆದ್ರೆ ಇದು ನಿಂಗೆ ಜಾಸ್ತಿ ಆಯ್ತು ಕಣೇ.”

“ನಂಗೆ ಜಾಸ್ತಿ ಅಂತ ಬಹಳ ಜನ ಬಹಳ ವಿಷಯಕ್ಕೆ ಹೇಳಿದ್ದಾರೆ ಬಿಡ್ರೀ,” ಎಂದು ಫೋನ್ ಇಟ್ಟರು. ಹಳೇ ಗಾಡಿ ಗುಜರಿಗೆ ಹೋಯಿತು, ಕೈಯ ಚಿನ್ನದ ಬಳೆ ಗಿರವಿ ಅಂಗಡಿಗೆ ಹೋಯಿತು, ಜೀಪು ಮನೆಗೆ ಬಂತು.

ಇಷ್ಟು ಜಾಗ್ರತೆಯ ಹೆಂಗಸು ಎಡವಿದ್ದು ಮಾತ್ರ ಮೊದಲ ದಿನವೇ, ಇಡೀ ಸ್ಟ್ಯಾಂಡ್ ನೋಡುತ್ತಿರುವಾಗ. ಹಿಂದೆ ಈರುಳ್ಳಿ ಮೂಟೆಗಳಷ್ಟೇ ಇದ್ದವು, ಪುಣ್ಯ. ಸ್ಟ್ಯಾಂಡಿನ ಮೇಲ್ಗಡೆಯೇ ಇರುವ ಮೊದಲ ತಿರುವು ಬಂತು. ತಲೆಗೆ ಹೊಸ ಗಾಡಿ ಎಂದು ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಹಳೇ ಅಭ್ಯಾಸದಂತೆ ಪೂರ್ತಿ ತುಳಿಯಿತು. ಜೀಪು ಹಾರಿ ತಡೆಗೋಡೆಗೆ ಗುದ್ದಿತು. ಹೆಡ್‌ಲೈಟ್ ಪುಡಿಯಾಯಿತು. ಈರುಳ್ಳಿ ಉರುಳುತ್ತಾ ಉರುಳುತ್ತಾ ಸ್ಟ್ಯಾಂಡಿನವರ ಕಾಲ ಬುಡಕ್ಕೇ ಬಂದು ನಿಂತವು. ಕೆಲವರು ಬಿದ್ದು ಬಿದ್ದು ನಕ್ಕರು.

ಸ್ಟ್ಯಾಂಡಿನ ಯಜಮಾನರು ನಗಲಿಲ್ಲ, ಅವರಿಗೆ ಬೇರೆ ಲೆಕ್ಕಾಚಾರವಿತ್ತು. “ನೋಡಮ್ಮ, ಇಂಥ ಇಂಜಿನ್ ಗಂಡಸರ ಕೈಗೇ ದಕ್ಕಲ್ಲ. ನೆತ್ತಿ ಪಾಳಿ ನನ್ನ ಅಣ್ಣನ ಮಗನಿಗೆ ಬಿಟ್ಟುಕೊಡು,” ಎಂದರು. ಯಾರ ಗಾಡಿ ಯಾವ ದಾರಿಗೆ ಎನ್ನುವುದನ್ನು ತೀರ್ಮಾನಿಸುವವರು ಅವರೇ. ಅಣ್ಣನ ಮಗನ ಜೀಪು ಟ್ಯಾಂಕು ದಾಟಿದ್ದನ್ನು ಕಂಡವರಿಲ್ಲ. ಪಾಳಿ ಅವನಿಗೆ ಹೋದರೆ ನೆತ್ತಿಯವರು ಸಿಲಿಂಡರ್ ಹೊತ್ತು ನಡೆಯಬೇಕು, ಜೀಪಕ್ಕನ ಮನೆಯಲ್ಲಿ ಒಲೆ ಆರಬೇಕು.

ಗುದ್ದಿದ ಏಟಿಗೆ ಒಡೆದ ಹಣೆಯ ರಕ್ತ ಒರೆಸಿಕೊಳ್ಳುತ್ತಲೇ ಜೀಪಕ್ಕ ಉತ್ತರಿಸಿದರಂತೆ: “ತಪ್ಪು ಮಾಡಿದ್ದು ನನ್ನ ಕಾಲು. ಪಾಳಿ ಏನು ಮಾಡಿದೆ?”

ತಿಂಗಳೊಳಗೆ ಜನ ಈ ಗಾಡಿ ಹತ್ತದಿದ್ದರೆ ಪಾಳಿ ಕೈಬಿಡುತ್ತದೆ ಎಂದು ಯಜಮಾನರು ಸಾರಿದರು. ಜನ ಹತ್ತಲಿಲ್ಲ. ಗೋಡೆಗೆ ಗುದ್ದಿದ್ದನ್ನು ಕಣ್ಣಾರೆ ಕಂಡವರು ಯಾಕೆ ಹತ್ತುತ್ತಾರೆ? ಜೀಪಕ್ಕ ಯಾರನ್ನೂ ಕರೆಯಲಿಲ್ಲ, ಕಾಲಿಗೆ ಬೀಳಲೂ ಇಲ್ಲ. ಚಪ್ಪಲಿ ಬಿಚ್ಚಿದರು. ಆಕ್ಸಿಲರೇಟರ್ ಕೆಳಗೆ ಮರದ ತುಂಡೊಂದನ್ನು ಬಿಗಿಸಿದರು, ಎಷ್ಟು ತುಳಿದರೂ ಅರ್ಧಕ್ಕೆ ನಿಲ್ಲುವಂತೆ. ಬ್ರೇಕ್ ತೆಗೆಸಿ ದೊಡ್ಡ ಗಾಡಿಯ ಬ್ರೇಕ್ ಹಾಕಿಸಿದರು. ಮರಳು ಚೀಲ ತುಂಬಿಕೊಂಡು ದಿನಾ ಬೆಳಗಿನ ಜಾವ ಗುಡ್ಡ ಹತ್ತಿದರು. ಹತ್ತುವುದಕ್ಕಿಂತ ಇಳಿಯುವುದನ್ನು ಹೆಚ್ಚು ಕಲಿತರು.

“ಹುಲಿ ತಂದು ಕಟ್ಟಿಹಾಕಿದ್ದಾಳೆ ಅಂತ ಆಡಿಕೊಂಡ್ರು,” ಎನ್ನುವಾಗ ಈಗಲೂ ದನಿ ಬಿರುಸಾಗುತ್ತದೆ. “ಕಟ್ಟಿಹಾಕ್ದೆ ಇನ್ನೇನು? ನಾನೇನು ಮೆರೆಯೋಕೆ ತಗೊಂಡಿದ್ನಾ? ಜನರನ್ನ ಮನೆ ಮುಟ್ಟಿಸೋಕೆ ತಗೊಂಡಿದ್ದು.”

ತಿಂಗಳು ಮುಗಿಯುತ್ತಾ ಬಂದಾಗ ನೆತ್ತಿಯ ನರ್ಸಮ್ಮ ಔಷಧಿ ಪೆಟ್ಟಿಗೆ ಎತ್ತಿ ಹಿಂದಿನ ಸೀಟಿಗಿಟ್ಟು ಹತ್ತಿ ಕೂತರು. “ದಿನಾ ಕಿಟಕೀಲಿ ನೋಡ್ತಿದ್ದೆ ಕಣಮ್ಮ. ಮರಳಿಗೇ ಇಷ್ಟು ನಾಜೂಕು ಮಾಡೋಳು ನನ್ನ ಬೀಳಿಸ್ತೀಯಾ? ನಡಿ,” ಎಂದರು. ಅವರು ಏನೂ ಆಗದೆ ತಲುಪಿದ ಮೇಲೆ ಮೆಲ್ಲಗೆ ಉಳಿದವರೂ ಹತ್ತತೊಡಗಿದರು. ಯಜಮಾನರು ಮಾತ್ರ ಒಪ್ಪಲಿಲ್ಲ. ಹೊಸ ತಿಂಗಳು ಬಂದಾಗ, “ನಾಲ್ಕು ಜನ ಹತ್ತಿದ ಮಾತ್ರಕ್ಕೆ ಆಯ್ತಾ? ಇನ್ನೊಂದು ತಿಂಗಳು ನೋಡೋಣ,” ಎಂದು ರಾಗ ಎಳೆದರು. ಅಲ್ಲಿಂದೀಚೆಗೆ ಪ್ರತಿ ತಿಂಗಳೂ ಅದೇ ರಾಗ.

ಈ ಲೇಖನಕ್ಕೆಂದು ಸ್ಟ್ಯಾಂಡಿಗೆ ಹೋದ ಬೆಳಿಗ್ಗೆ ಆ ಯಜಮಾನರೂ ಅಲ್ಲಿದ್ದಾರೆ. ಆಸ್ಪತ್ರೆಯಿಂದ ಬಂದ ಮಗಳು ಪಕ್ಕದಲ್ಲಿ, ಅವಳ ಮಡಿಲಲ್ಲಿ ಹಸುಗೂಸು. ಮಗಳನ್ನು ಕೊಟ್ಟ ಮನೆ ಇರುವುದು ನೆತ್ತಿಯಲ್ಲೇ. ಅಣ್ಣನ ಮಗನ ಜೀಪು ಹಿಂದೆಯೇ ನಿಂತಿದೆ. ಯಜಮಾನರು ಅದರತ್ತ ನೋಡುವುದಿಲ್ಲ.

ಜೀಪಕ್ಕ ಇಳಿದು ಬಂದು ಬಾಣಂತಿಯ ಕೈಹಿಡಿದು ಮುಂದಿನ ಸೀಟಿಗೆ ಹತ್ತಿಸುತ್ತಾರೆ, ಬೆನ್ನಿಗೆ ದಿಂಬು ಕೊಡುತ್ತಾರೆ. ಯಜಮಾನರು ಹಿಂದಿನಿಂದ ಹತ್ತಲು ಕಾಲೆತ್ತಿದಾಗ ಅಡ್ಡ ನಿಲ್ಲುತ್ತಾರೆ.

“ನಿಮ್ಮ ಮಗಳು, ಮೊಮ್ಮಗು ಹೇಗಿದ್ರೂ ನೆತ್ತಿಯೋರು, ನನ್ನೋರು, ಕರ್ಕೊಂಡು ಹೋಗ್ತೀನಿ. ನೀವು ಪಾಳಿ ಯಾರದ್ದು ಅಂತ ಹೇಳಿ ಹತ್ತಿ.”

“ನಿಂದೇ ಕಣಮ್ಮ,” ಎಂದು ಗೊಣಗುತ್ತಾರೆ ಯಜಮಾನರು.

“ಇಂಜಿನ್ ಸದ್ದಿಗೆ ಕೇಳಿಸ್ಲಿಲ್ಲ.”

“ನೆತ್ತಿ ಪಾಳಿ ನಿಂದೇ!” ಇಡೀ ಸ್ಟ್ಯಾಂಡಿಗೆ ಕೇಳಿಸುತ್ತದೆ. ಯಾರೂ ನಗುವುದಿಲ್ಲ. ಜೀಪಕ್ಕ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ.

ಹೊರಡುವ ಮುಂಚೆ, ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಗಾಜಿನ ಮೇಲಿನ ಮಂಜು ಒರೆಸುತ್ತಾ ಹೇಳುತ್ತಾರೆ:

“ಆಸೆ ಗೀಸೆ ಎಲ್ಲ ಏನೂ ಬರೀಬೇಡಿ, ಓದಿದೋರು ಅಯ್ಯೋ ಪಾಪ ಅಂತಾರೆ. ಗುದ್ದಿದ್ದೂ ನಾನೇ, ಕಲಿತಿದ್ದೂ ನಾನೇ. ಈ ಪಾಳಿ ಯಾರೂ ಕನಿಕರಪಟ್ಟು ಕೊಟ್ಟಿದ್ದಲ್ಲ. ಅಷ್ಟು ಬರೀರಿ, ಸಾಕು.”