ಅಕ್ಕೋರು ಕೇಳಿಸಿದ ಕಪ್ಪೆಯ ಕೂಗು

ಮೊನ್ನೆ ಅಟ್ಟದ ಪಾತ್ರೆಗಳನ್ನು ಇಳಿಸಿ ಒರೆಸುವಾಗ ಒಂದು ಸ್ಟೀಲಿನ ಡಬರಿ ಕೈಗೆ ಬಂತು. ನನ್ನ ಮದುವೆಯಲ್ಲಿ ಆಯೇರಿ ಬಂದದ್ದು. ಆಯೇರಿ ಪಾತ್ರೆಯ ಮೇಲೆ ಕೊಟ್ಟವರು ತಮ್ಮ ಹೆಸರು ಕೊರೆಸುವುದು ನಮ್ಮ ಕಡೆಯ ರೂಢಿ. ಇದರ ಮೇಲೆ ಮಾತ್ರ ನನ್ನದೇ ಹೆಸರಿದೆ, ಗಿರಿಜಾ ಅಂತ. ಕೊಟ್ಟವರು ಅಕ್ಕೋರು.

ಎಪ್ಪತ್ತರ ದಶಕದ ಕೊನೆಯ ಮಾತು. ಗಂಗಾವತಿಯಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರು ನಮ್ಮ ಮನೆಗೆ ಹತ್ತಿದ ಖೋಲಿಯಲ್ಲೇ ಬಾಡಿಗೆಗಿದ್ದರು. ವಯಸ್ಸು ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಅವರಿಗಿಲ್ಲದ ಚಿಂತೆ ಇಡೀ ಓಣಿಗಿತ್ತು. ಹಿತ್ತಲಿನಾಚೆ ಕಾಲುವೆ, ಅದರಾಚೆ ಭತ್ತದ ಗದ್ದೆ. ನೀರು ಬಿಟ್ಟರೆ ಸಾಕು, ದೀಪ ಹಚ್ಚುವ ಹೊತ್ತಿಗೆ ಕಪ್ಪೆಗಳು ಶುರುಮಾಡುತ್ತಿದ್ದವು. ನಮ್ಮವ್ವ ಶಾಪ ಹಾಕುತ್ತ ಕದ ಮುಚ್ಚಿದರೆ ಅಕ್ಕೋರು ತಮ್ಮ ಕದ ತೆಗೆದು ಮೆಟ್ಟಿಲ ಮೇಲೆ ಕೂಡುತ್ತಿದ್ದರು. ನನ್ನನ್ನೂ ಕೂಡಿಸಿಕೊಳ್ಳುತ್ತಿದ್ದರು.

"ಹಿಂಗ ಒದರಾವೆಲ್ಲಾ ಗಂಡು," ಅನ್ನುತ್ತಿದ್ದರು. "ಹೆಣ್ಣು ಸುಮ್ಮನ ಬರತೈತಿ, ಎಲ್ಲಾರ ದನಿ ಕೇಳತೈತಿ, ಮನಸ್ಸಿಗೆ ಬಂದದ್ದರ ಕಡೆ ಹೋಗತೈತಿ. ಆದ್ರ ಕೂಗೋದು ಸಸಾರ ಅಲ್ಲ. ಹೆಣ್ಣಿಗೆ ಕೇಳಿದ್ದು ಹಾವಿಗೂ ಕೇಳತೈತಿ. ಒಂದು ಕೂಗು ಗಪ್ಪನ ನಿಂತ್ರ ಒಂದೋ ಹೆಣ್ಣು ಬಂತು, ಇಲ್ಲಾ ಹಾವು ಬಂತು."

ಆಮೇಲಿಂದ ಯಾವುದಾದರೂ ಕೂಗು ನಿಂತರೆ ಹೆಣ್ಣೋ ಹಾವೋ ಅಂತ ಕತ್ತಲಲ್ಲಿ ಇಣುಕುತ್ತಿದ್ದೆ...

ನನಗೆ ಮಾತು ಉಗ್ಗುತ್ತಿತ್ತು. ಎಲ್ಲಕ್ಕಿಂತ ಕಠಿಣವಾದದ್ದು ನನ್ನ ಹೆಸರೇ. ಆದರೆ ದೇವರ ಪದ ಹಾಡಿದರೆ ಒಂದಕ್ಷರವೂ ತಡೆಯುತ್ತಿರಲಿಲ್ಲ. ಕುಕನೂರಿನಿಂದ ಕಿರಾಣಿ ಅಂಗಡಿಯವರು ನನ್ನನ್ನು ನೋಡಲು ಬರುತ್ತಾರೆಂದು ಗೊತ್ತಾದಾಗ ಅವ್ವ ಅದನ್ನೇ ಹಿಡಿದುಕೊಂಡಳು. ಒಂದು ಪದ ಹಾಡಬೇಕು, ಆಮೇಲೆ ತಲೆ ತಗ್ಗಿಸಿ ಕೂಡಬೇಕು, ಏನು ಕೇಳಿದರೂ ಗೋಣು ಹಾಕಬೇಕು. "ಇಷ್ಟು ಛಂದ ಹಾಡೋ ಹುಡುಗಿಗೆ ಮಾತು ಬರಂಗಿಲ್ಲ ಅಂತ ಯಾರರ ಅಂತಾರೇನು?" ಅಂದಳು. ನನಗೋ ಊಟ ಸೇರದಾಯಿತು. ಹಾಡಿ ಮದುವೆಯಾದೆ ಅನ್ನಿ, ಮರುದಿನ ಅತ್ತೆ ಒಳಗಿಂದ ಕರೆದರೆ? ಅದಕ್ಕೂ ಪದವನ್ನೇ ಹಾಡಲೇ? ಗೊತ್ತಾದ ದಿನವೇ ತಿರುಗಿ ಕಳಿಸುತ್ತಾರೆ ಎಂಬ ಹೆದರಿಕೆ ಎದೆಯಲ್ಲಿ ಕೂತುಬಿಟ್ಟಿತ್ತು.

ಅಕ್ಕೋರ ಮುಂದೆ ಹೇಳಿಕೊಂಡು ಅತ್ತುಬಿಟ್ಟೆ. ಅವರು ಸೆರಗಿನಿಂದ ನನ್ನ ಕಣ್ಣೊರೆಸಿದರು. ಆಮೇಲೆ, "ನನ್ನ ನೋಡಾಕ ಬಂದವರೆಲ್ಲಾ ಹಾಡು ಅಂದ್ರು, ಹಾಡಿದೆ. ನಿನಗ ಯಾರ ದನಿ ಸೇರತೈತಿ ಅಂತ ಒಬ್ಬರೂ ಕೇಳಲಿಲ್ಲ ನೋಡು," ಅಂದರು.

ದೀಪ ಹಚ್ಚುವ ಹೊತ್ತಿಗೆ ಬಂದವರ ಮುಂದೆ ಹಾಡಿದೆ. ಹುಡುಗನ ಕಾಕಾ ತಲೆದೂಗಿ, "ಛಲೋ ಹಾಡಿದಿ ಬಿಡವಾ. ಹೆಸರೇನು ನಿಂದು?" ಅಂದ. ಅವ್ವ ಬಾಯಿ ತೆಗೆದಳು. "ಆಕಿನ ಹೇಳ್ಲಿ ಬಿಡ್ರಿ," ಅಂದ.

"ಗಿ... ಗಿ..." ಅಲ್ಲಿಗೇ ಹೆಸರು ತಡೆಯಿತು. ಕಿವಿ ಕಾದವು. "ಭಾಳ ನಾಚಿಕಿರಿ ಆಕಿಗೆ," ಅಂತ ಅವ್ವ ನಕ್ಕಳು, ಬೇರೆ ಯಾರೂ ನಗಲಿಲ್ಲ. ಹಿಂದೆ ಗದ್ದೆಯ ಕಪ್ಪೆಗಳ ಗದ್ದಲವೊಂದೇ.

ಅಡುಗೆಮನೆಯ ಬಾಗಿಲಲ್ಲಿ ಮಂಡಕ್ಕಿ ಸುಸಲಾದ ತಾಟು ಹಿಡಿದು ಅಕ್ಕೋರು ನಿಂತಿದ್ದರು. "ಆಕಿಗೆ ಮಾತು ಉಗ್ಗತೈತ್ರಿ," ಅಂದರು. "ಇದರಾಗ ಮುಚ್ಚಿಡೋದೇನೈತಿ? ಆಕಿ ಹಾಡಿದ್ದು ಕೇಳಿದ್ರಿ. ಈಗ ಹುಡುಗನ ದನಿ ಆಕೀನೂ ಕೇಳ್ಲಿ. ಹೊರಗ ಕಪ್ಪಿ ಒದರಾಕತ್ತಾವಲ್ಲ, ಅವೆಲ್ಲಾ ಗಂಡು. ಹೆಣ್ಣು ಕೇಳಿ ಆರಿಸ್ಕೋತೈತಿ."

ನನ್ನ ಜೀವ ಅಲ್ಲೇ ಹಾರಿಹೋಯಿತು. ಕಾಕಾ ಟವೆಲ್ ಝಾಡಿಸಿ ಎದ್ದ. "ಏಳೋ, ಹೋಗೂಣು," ಅಂದ. ತಲೆ ತಗ್ಗಿಸಿದ್ದ ನನಗೆ ಜಮಖಾನೆಯ ಮೇಲಿದ್ದ ಹುಡುಗನ ಪಾದಗಳಷ್ಟೇ ಕಾಣುತ್ತಿದ್ದವು. ಅವು ಅಲುಗಲಿಲ್ಲ.

"ನನಗ ಹಾಡಾಕ ಬರಂಗಿಲ್ರಿ ಅಕ್ಕೋರ," ಅಂದಿತು ಒಂದು ಒಡಕು ದನಿ. ಆಮೇಲೆ, "ಕಾಕಾ, ಕುಂದ್ರು. ಆಕಿ ಇನ್ನೂ ಹೆಸರು ಹೇಳಿ ಮುಗಿಸಿಲ್ಲ."

ಹೇಳಿದೆ. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ... ಮುಗಿಯುವವರೆಗೆ ಅವರು ಕಾದರು.

ಮದುವೆ ಅಲ್ಲೇ ಗೊತ್ತಾಯಿತು. ಆದರೂ ಅಪ್ಪ ಅಕ್ಕೋರ ಜೊತೆ ಮಾತು ಬಿಟ್ಟ. ತನಗೇ ಲಗ್ನ ಇಲ್ಲ, ಮಂದಿಯ ಲಗ್ನದಾಗ ಇಕೀದೇನು ಉಸಾಬರಿ ಅಂತ ಓಣಿಯೆಲ್ಲ ಆಡಿಕೊಂಡಿತು. ಖೋಲಿಯ ಮಾಲೀಕರು ಅವರನ್ನು ಬಿಡಿಸಿದರು. ಆ ವರ್ಷವೇ ಅಕ್ಕೋರಿಗೆ ಯಲಬುರ್ಗಾ ಕಡೆಗೆ ವರ್ಗವಾಯಿತು. ಮದುವೆಗೆ ಬಂದರು, ಕೊನೆಯ ಪಂಕ್ತಿಯಲ್ಲಿ ಉಂಡರು, ಡಬರಿ ಕೊಟ್ಟರು. "ಇದರ ಮ್ಯಾಲೆ ನಿನ್ನ ಹೆಸರು ಎಲ್ಲೂ ತಡೀದಂಗ ಬರಿಸೀನಿ ನೋಡು," ಅಂತ ನಕ್ಕರು. ಅದೇ ಕೊನೆ. ಅವರು ತೀರಿಕೊಂಡ ಸುದ್ದಿ ನನ್ನನ್ನು ಮುಟ್ಟಿದ್ದು ಬಹಳ ತಡವಾಗಿ, ಅದೂ ಬಸ್ಸಿನಲ್ಲಿ ಸಿಕ್ಕ ಯಾರೋ ಹೇಳಿದ್ದು. ಕೊನೆಗಾಲಕ್ಕೆ ಹತ್ತಿರ ಯಾರಿದ್ದರು ಅಂದೆ. ಅವರಿಗೂ ಗೊತ್ತಿರಲಿಲ್ಲ.

ಮೊನ್ನೆ ಡಬರಿ ಒರೆಸಿಟ್ಟ ಸಂಜೆಯೇ ಮಳೆ ಬಂತು. ನಮ್ಮ ಹಿತ್ತಲಿನಾಚೆ ಯಾರೋ ಮನೆ ಕಟ್ಟಲು ತೋಡಿದ ಗುಂಡಿಯಲ್ಲಿ ನೀರು ನಿಂತು ಒಂದು ಕಪ್ಪೆ ಕೂಗತೊಡಗಿತು. "ಒಂದ ಐತಿ, ಪಾಪ," ಅಂದರು ನಮ್ಮವರು, ಅದೇ ಒಡಕು ದನಿಯಲ್ಲಿ. ನಾನು ಹಿತ್ತಲ ಬಾಗಿಲಲ್ಲಿ ನಿಂತೆ. ಅದು ಕೂಗಿತು, ಕೂಗಿತು, ಆಮೇಲೆ ಗಪ್ಪನೆ ನಿಂತಿತು. ಹೆಣ್ಣು ಬಂತೋ, ಹಾವು ಬಂತೋ? ನನ್ನ ಸಲುವಾಗಿ ಬಾಯಿ ತೆರೆದ ಅಕ್ಕೋರ ಹತ್ತಿರ ಕೊನೆಗೆ ಬಂದದ್ದು ಯಾರು? ಕೇಳಲು ಈಗ ಅವರೇ ಇಲ್ಲ. ಇನ್ನೊಂದು ಸಲ ಕೂಗೀತೇನೋ ಎಂದು ಅಲ್ಲೇ ನಿಂತಿದ್ದೆ. ಕೂಗಲಿಲ್ಲ.