ಚಿಗವ್ವನ ಕಥೆಗೆ ಪಂಡಿತರು ಬರೆದ ಕೊನೆ

ಜನಪದ ಕಥೆಗಳ ಮೂಲ ಯಾವುದು ಎಂದು ಯಾರಾದರೂ ವೇದಿಕೆಯ ಮೇಲೆ ಗಂಟಲು ಸರಿಮಾಡಿಕೊಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಒಬ್ಬರು ಪರ್ಷಿಯಾ ಎನ್ನುತ್ತಾರೆ, ಇನ್ನೊಬ್ಬರು ಸಂಸ್ಕೃತ ಎನ್ನುತ್ತಾರೆ. ನನಗೆ ಗೊತ್ತಿರುವ ಒಂದು ಕಥೆಯ ಮೂಲ ಬಬಲೇಶ್ವರದ ನಮ್ಮ ಚಿಗವ್ವನ, ಅಂದರೆ ಚಿಕ್ಕಮ್ಮನ, ಅತ್ತೆ. ಅದನ್ನು ಕೆಡಿಸಿದವರು ಯಾರೆಂಬುದೂ ಗೊತ್ತು.

ನಲವತ್ತರ ದಶಕದಲ್ಲಿ, ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಹೊಸತರಲ್ಲಿ, ವಿಜಾಪುರದಿಂದ ಒಬ್ಬ ಪಂಡಿತರು ಬಂದು ಚಿಗವ್ವನ ಬಾಯಿಂದ ಆ ಕಥೆ ಬರೆದುಕೊಂಡು ಹೋದರು. ಅತ್ತೆಮನೆಯಲ್ಲಿ ತೌಡಿನ ರೊಟ್ಟಿ ತಿಂದು, ಪೆಟ್ಟು ತಿಂದು ಸಾಕಾದ ಸೊಸೆ ತವರಿಗೆ ನಡೆದು ಬರುತ್ತಾಳೆ. ತಾಯಿ ಬಾಗಿಲು ತೆಗೆದು ಬಿಸಿ ರೊಟ್ಟಿ ಬಡಿಸುತ್ತಾಳೆ. ಕಥೆ ಅಷ್ಟೇ. ಅಚ್ಚಾದ ಪುಸ್ತಕದಲ್ಲಿ ಮಾತ್ರ ತಾಯಿ ಬುದ್ಧಿ ಹೇಳಿ ಮಗಳನ್ನು ತಿರುಗಿ ಕಳಿಸುತ್ತಾಳೆ, ಮಗಳು ಗಂಡನ ಕಾಲಿಗೆ ಬೀಳುತ್ತಾಳೆ. ಯಾರನ್ನು ಕೇಳಿ ಬರೆದರೋ ಮಹಾನುಭಾವರು!

ಆ ಹೊತ್ತಿಗೆ ಚಿಗವ್ವನ ಮಗಳು, ನನ್ನ ಅಕ್ಕ, ತಿಕೋಟಾದ ಗಂಡನ ಮನೆಯಲ್ಲಿ ಹೊಡೆತ ತಾಳಲಾರದೆ ಬಬಲೇಶ್ವರಕ್ಕೆ ಬಂದುಬಿಟ್ಟಿದ್ದಳು. ಕರೆದೊಯ್ಯಲು ಬೀಗರು ಗಾಡಿ ಹೂಡಿಕೊಂಡು ಬಂದರು. ಜೊತೆಗೆ ಅದೇ ಪುಸ್ತಕ. ಅಕ್ಕನ ಮಾವ ಊರ ಹಿರಿಯರ ಮುಂದೆ ಕಥೆಯನ್ನು ಪೂರ್ತಿ ಓದಿ, “ನೋಡ್ರಿ, ಇವರ ಮನಿ ಕಥೀನ ಹೇಳ್ತೈತಿ. ಹಿರ್ಯಾರಿಂದ ನಡದು ಬಂದದ್ದು. ಹುಡುಗೀನ ಕಳಸ್ರಿ,” ಎಂದ. ಹಿರಿಯರು ತಲೆಯಾಡಿಸಿದರು. ಆ ಪುಸ್ತಕ ಕಿತ್ತುಕೊಂಡು ಒಲೆಗೆ ಹಾಕುವಷ್ಟು ಸಿಟ್ಟು ಬಂತು ನನಗೆ.

ನಮ್ಮಲ್ಲಿ ಕಥೆ ಕೇಳುವವರು ಮಾತುಮಾತಿಗೂ ಹೂಂ ಅನ್ನಬೇಕು. ಹೂಂ ನಿಂತರೆ ಹೇಳುವವರೂ ನಿಲ್ಲಿಸಬೇಕು. ಮಾವ ಓದುವಾಗ ಒಳಗಿನ ಹೆಂಗಸರು ರೂಢಿಯಂತೆ ಹೂಂಗುಟ್ಟುತ್ತಿದ್ದವರು ನಡುವೆ ಸುಮ್ಮನಾಗಿದ್ದರು. ಗಂಡಸರಿಗೆ ಅದರ ಖಬರೇ ಇರಲಿಲ್ಲ. ಚಿಗವ್ವ ಬಾಗಿಲಿಗೆ ಬಂದು ನಿಂತಳು.

“ಯಪ್ಪಾ, ಸೊಸಿ ತವರಿಗೆ ಬಂದ್ಲು ಅನ್ನೂತನಕ ಎಲ್ಲಾರೂ ಹೂಂ ಅಂದಾರ. ಆಮ್ಯಾಲ ಒಬ್ಬಾಕೀನೂ ಅಂದಿಲ್ಲ. ಮುಂದಿಂದು ಯಾರಿಗೆ ಓದಿದ್ರಿ?”

“ಅಚ್ಚಾಗೇತಲ್ಲವ್ವಾ!” ಎಂದ ಮಾವ.

“ಆಗ್ಲೇಳ್ರಿ. ಕಥಿ ನಮ್ಮತ್ತೀದು. ಮಗಳು ನನ್ನಾಕಿ. ನಾ ಕಳಸೂದಿಲ್ಲ.”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಗಾಡಿ ಖಾಲಿಯೇ ಹೊರಟು ನಿಂತಿತು. ಸಿಟ್ಟಿನ ಭರದಲ್ಲಿ ಮಾವ ಪುಸ್ತಕವನ್ನು ಕಟ್ಟೆಯ ಮೇಲೇ ಬಿಟ್ಟಿದ್ದ. ಒಳಗಿನಿಂದ ಬಂದ ಅಕ್ಕ ಅದನ್ನೆತ್ತಿಕೊಂಡು ಗಾಡಿಯ ತನಕ ನಡೆದುಹೋಗಿ ಒಳಗೆ ಒಗೆದಳು.

“ಇದನ್ನ ಮರ್ತೀರಿ,” ಎಂದಳು. “ಇದು ನಿಮ್ಮ ಮನೀದು.”