ಬಚ್ಚಲೊಲೆಯ ಮುಂದೆ ಯೋಗಾಸನ

ಶರಾವತಿ ಹೊಸನಗರದ ಹೈಸ್ಕೂಲಿಗೆ ಡ್ರಿಲ್ ಟೀಚರಾಗಿ ಬಂದದ್ದು ಎಪ್ಪತ್ತಾರರ ಜೂನ್‌ನಲ್ಲಿ. ಜೂನ್‌ನಲ್ಲಿ ಬಂದದ್ದೇ ತಪ್ಪಾಯಿತು ಎಂದು ಆಮೇಲೆ ಅವಳಿಗೆ ಎಷ್ಟೋ ಸಲ ಅನ್ನಿಸಿತು. ಮೈದಾನದ ತುಂಬ ಕೆಸರು. ಥ್ರೋಬಾಲಿನ ಕಂಬ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಆಟದ ಪೀರಿಯಡ್ ಬಂತೆಂದರೆ ಗಣಿತದ ನಾರಾಯಣಮೂರ್ತಿ ಮೇಷ್ಟ್ರು ಬಾಗಿಲಲ್ಲಿ ತಲೆ ಹಾಕಿ, “ಹೆಂಗಿದ್ರೂ ಮಳೆ ಅಲ್ವೇನ್ರೀ ಟೀಚರ್, ಪೀರಿಯಡ್ ನಂಗೆ ಕೊಡಿ” ಎನ್ನುವರು. ಉತ್ತರಕ್ಕೂ ಕಾಯದೆ ಬೋರ್ಡಿನ ಮೇಲೆ ತ್ರಿಕೋನ ಎಳೆಯುವರು.

ತುಮರಿ ಕಡೆಯವಳು ಅವಳು. ಲಾಂಚಿನಲ್ಲಿ ಹಿನ್ನೀರು ದಾಟಿ ಸಾಗರಕ್ಕೆ ಹೋಗಿ ಓದಿದವಳು, ಮನೆಯವರು ಬೇಡವೆಂದರೂ ವ್ಯಾಯಾಮ ಶಿಕ್ಷಕಿಯ ತರಬೇತಿ ಮುಗಿಸಿದವಳು. ಅಲ್ಲಿ ಕಲಿತದ್ದರಲ್ಲಿ ಮೈಗೆ ಹತ್ತಿದ್ದು ಯೋಗಾಸನ. ಮೈದಾನ ಇಲ್ಲದಿದ್ದರೇನು, ಜಮಖಾನ ಹಾಸಿದರೆ ಸಾಕಲ್ಲ ಎಂದುಕೊಂಡು ಶಾಲೆಯ ಜಗಲಿಯಲ್ಲಿ ಹುಡುಗಿಯರನ್ನು ಕೂರಿಸಿದಳು. ಒದ್ದೆ ಲಂಗದಲ್ಲಿ ನಡುಗುವ ಮಕ್ಕಳು ಮಂಜಿನಂಥ ಸಿಮೆಂಟಿನ ಮೇಲೆ ಬಾಗುವುದಾದರೂ ಹೇಗೆ? ಹೆಬ್ಬೆರಳು ಹಿಡಿಯಿರಿ ಎಂದರೆ ಮೊಣಕಾಲು ಹಿಡಿದು ಅಯ್ಯೋ ಎನ್ನುತ್ತಿದ್ದರು. ಒಬ್ಬಳು ತೊಡೆ ಉಳುಕಿ ವಾರವಿಡೀ ಕುಂಟಿದಳು. ಅವಳ ಅಪ್ಪ ಬಂದು, “ನಮ್ ಹುಡ್ಗಿ ಸರ್ಕಸ್ ಸೇರೋದು ಬ್ಯಾಡ” ಎಂದು ಹೇಳಿ ಹೋದ.

ದಾರಿ ಕಂಡದ್ದು ಹಾಸ್ಟೆಲ್ಲಿನಲ್ಲಿ. ಊರಿನ ಗಣ್ಯರ ಸಮಿತಿಯೊಂದು ನಡೆಸುತ್ತಿದ್ದ ಹೆಣ್ಣುಮಕ್ಕಳ ಹಾಸ್ಟೆಲ್ ಅದು. ಅಲ್ಲೇ ಒಂದು ಕೋಣೆಯಲ್ಲಿ ಶರಾವತಿಯ ವಾಸ. ಹಿತ್ತಿಲಲ್ಲಿ ಉದ್ದನೆಯ ಬಚ್ಚಲುಮನೆ. ತಾಮ್ರದ ಹಂಡೆಗಳ ಕೆಳಗೆ ಅಡುಗೆಯ ಹುಲಿಗೆಮ್ಮ ಬೆಳಗಾಗುತ್ತಲೇ ಬೆಂಕಿ ಹಾಕುತ್ತಿದ್ದಳು. ಒಲೆಗಳ ಎದುರಿಗೆ ಬಟ್ಟೆ ಒಣಗಿಸುವ ಅಗಲ ಜಾಗ. ಆಷಾಢದಲ್ಲೂ ಅಲ್ಲಿ ನಿಂತರೆ ಹಣೆಯಲ್ಲಿ ಬೆವರು. ಒಂದು ಭಾನುವಾರ ಎಲ್ಲರ ಸ್ನಾನ ಮುಗಿದ ಮೇಲೆ ಶರಾವತಿ ಅಲ್ಲಿ ಚಾಪೆ ಹಾಸಿ ತಾನೇ ಬಾಗಿ ನೋಡಿದಳು. ಜಗಲಿಯಲ್ಲಿ ಸೆಟೆದುಕೊಳ್ಳುತ್ತಿದ್ದ ಬೆನ್ನು ಇಲ್ಲಿ ಹೇಳಿದಂತೆ ಬಾಗಿತು.

ಮಾರನೆಯ ವಾರ ಹಾಸ್ಟೆಲ್ಲಿನ ಹುಡುಗಿಯರನ್ನೂ ಕರೆದಳು. ಮೊದಮೊದಲು ಕಿಸಿಕಿಸಿ ನಗು. ಬರಬರುತ್ತ ಅವರೇ ಚಾಪೆ ಹಿಡಿದು ಬಂದು ಕಾಯತೊಡಗಿದರು. ಮೈ ಬೆಚ್ಚಗಾದ ಮೇಲೆ ಆಸನ ಸಲೀಸು, ಆಮೇಲೆ ಬಿಸಿನೀರ ಸ್ನಾನ. ಗೂನು ಹಾಕಿ ಕೂರುತ್ತಿದ್ದವರು ತರಗತಿಯಲ್ಲಿ ನೆಟ್ಟಗೆ ಕೂತರು. ಪರೀಕ್ಷೆ ಹತ್ತಿರ ಬಂದರೆ ನಿದ್ದೆಗೆಡುತ್ತಿದ್ದವರು ತಲೆ ಇಟ್ಟ ತಕ್ಷಣ ಮಲಗಿದರು. ಒಂಬತ್ತನೇ ತರಗತಿಯ ಕೆರಿಯಮ್ಮ ಪ್ರತಿ ತಿಂಗಳೂ ಹೊಟ್ಟೆ ಹಿಡಿದುಕೊಂಡು ಶಾಲೆ ತಪ್ಪಿಸುತ್ತಿದ್ದವಳು, “ಈ ಸಲ ಅಷ್ಟು ನೋವೇ ಬರ್ಲಿಲ್ಲ ಟೀಚರ್” ಎಂದಳು. ಬಿಸಿಯಿಂದಲೋ ಆಸನದಿಂದಲೋ ಶರಾವತಿಗೂ ಗೊತ್ತಿರಲಿಲ್ಲ. ಆದರೆ ತಾನು ಬಂದದ್ದಕ್ಕೆ ಒಂದು ಅರ್ಥ ಬಂತು ಅನ್ನಿಸಿತು.

ಎರಡನೆಯ ಮಳೆಗಾಲದಲ್ಲಿ ಎಡವಟ್ಟಾಯಿತು. ಯಾರೋ ಕರೆದರೆಂದು ಶರಾವತಿ ಗೇಟಿನವರೆಗೆ ಹೋಗಿದ್ದಳು. ಚಳಿ ಎಂದು ಹುಡುಗಿಯರು ಬಾಗಿಲು ಮುಚ್ಚಿ ಒಲೆಗೆ ಇನ್ನಷ್ಟು ಸೌದೆ ಒಟ್ಟಿದರು. ಸೋಮವಾರದ ಉಪವಾಸದಲ್ಲಿದ್ದ ಕೆರಿಯಮ್ಮ ಕಣ್ಣು ಕತ್ತಲಿಟ್ಟು ಬಿದ್ದಳು. ಗಾಳಿಗೆ ತಂದು ಮಲಗಿಸಿ, ನೀರು ಬೆಲ್ಲ ಕೊಟ್ಟ ಮೇಲೆ ಸರಿಹೋದಳು, ಆದರೆ ಸುದ್ದಿ ಹಾಸ್ಟೆಲ್ ಸಮಿತಿಯ ಕಿವಿಗೂ ಬಿತ್ತು.

ಶರಾವತಿ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ನೋಡಿ, “ಮಕ್ಕಳ ಮೈ ದೊಡ್ಡೋರಿಗಿಂತ ಬೇಗ ಕಾಯ್ತದಮ್ಮ. ಬಾಗಿಲು ತೆರೆದಿಡಿ, ಬೆಂಕಿ ಕಮ್ಮಿ ಮಾಡಿ, ನೀರು ಕುಡಿಸಿ, ಉಪವಾಸದೋರನ್ನ ಸೇರಿಸ್ಬ್ಯಾಡಿ. ಬೆಚ್ಚಗಿದ್ರೆ ಒಳ್ಳೇದೇ, ಬೇಯಬಾರದು ಅಷ್ಟೆ” ಎಂದರು.

“ಇದನ್ನೇ ಸಮಿತಿಯೋರಿಗೆ ಬಂದು ಹೇಳ್ತೀರಾ?”

“ಆ ಉಸಾಬರಿ ನಂಗ್ಯಾಕಮ್ಮ.”

ಸಮಿತಿಯ ಅಧ್ಯಕ್ಷ ಹೂವಯ್ಯಗೌಡರು ಕೆಟ್ಟವರಲ್ಲ. ಆದರೆ ಕೇಳುವ ತಾಳ್ಮೆ ಇಲ್ಲ. “ಬಚ್ಚಲು ಇರೋದು ಮೀಯೋದಕ್ಕೆ. ನಾಳೆಯಿಂದ ನೀವು ಅಲ್ಲಿ ಕಾಲಿಡಬ್ಯಾಡಿ” ಎಂದರು. ಶರಾವತಿ ಎದ್ದುಬಂದಳು.

ಅವಳು ನಿಲ್ಲಿಸಿದಳು; ಹುಡುಗಿಯರು ನಿಲ್ಲಿಸಲಿಲ್ಲ. ಸ್ನಾನದ ಸರದಿಯ ನೆಪದಲ್ಲಿ ಒಳಗೆ ಹೋಗಿ, ಯಾರಿಗೂ ಕಾಣದಂತೆ ಅಗಳಿ ಹಾಕಿಕೊಂಡು ಆಸನ ಹಾಕುತ್ತಿದ್ದರು. ಅದು ಶರಾವತಿಗೆ ಗೊತ್ತಾಯಿತು. ಅಪಾಯವೆಂದು ತನ್ನನ್ನು ಹೊರಗೆ ಹಾಕಿದ್ದರಿಂದಲೇ ಅಪಾಯ ಹೆಚ್ಚಾಗಿತ್ತು. ಓಡಿಹೋಗಿ ಗೌಡರಿಗೆ ಹೇಳಿದಳು: “ನನ್ನನ್ನ ಅಲ್ಲಿ ನಿಲ್ಲಕ್ಕೆ ಬಿಡಿ, ಇಲ್ಲಾ ಬೇರೆ ಬೆಚ್ಚಗಿನ ಜಾಗ ಕೊಡಿ.”

ಗೌಡರು ಎರಡೂ ಮಾಡಲಿಲ್ಲ. ಬಚ್ಚಲಿಗೆ ಬೀಗ ಹಾಕಿಸಿ, ಬಿಸಿನೀರನ್ನು ಹೊರಗೆ ಬಕೆಟ್ಟಿನಲ್ಲಿ ಕೊಡಿಸಿದರು. ತಡಿಕೆಯ ಮರೆಯಲ್ಲಿ ಮೀಯುವಷ್ಟರಲ್ಲಿ ನೀರು ಆರಿಹೋಗುತ್ತಿತ್ತು. ಹುಡುಗಿಯರು ಶರಾವತಿಯ ಜೊತೆ ಮಾತು ಬಿಟ್ಟರು. “ಚಾಡಿ ಹೇಳ್ದೋರು ನೀವೇ ಅಲ್ವಾ?” ಎಂದು ಕೆರಿಯಮ್ಮ ಮುಖಕ್ಕೇ ಕೇಳಿದಳು.

ಕೊನೆಗೆ ಬೀಗ ತೆಗೆದವಳು ಹುಲಿಗೆಮ್ಮ. ಮಕ್ಕಳು ಚಳಿಯಲ್ಲಿ ಹಲ್ಲು ಕಟಕಟಿಸುವುದನ್ನು ನೋಡಲಾರದೆ, “ನೀವು ಬಾಗ್ಲಲ್ಲಿ ನಿಂತ್ಕಳಿ ಟೀಚರ್. ಗೌಡ್ರು ಕೇಳಿದ್ರೆ ನಾನೇನೂ ನೋಡ್ಲಿಲ್ಲ” ಎಂದಳು. ಶರಾವತಿ ನಿಂತಳು. ಬಾಗಿಲು ತೆರೆದೇ ಇತ್ತು, ಒಲೆಯಲ್ಲಿ ಬರೀ ಕೆಂಡ, ಪಕ್ಕದಲ್ಲಿ ಕುಡಿಯುವ ನೀರಿನ ಕೊಡ. ಒಳ್ಳೆಯ ಕೆಲಸವನ್ನು ಕಳ್ಳರ ಹಾಗೆ ಮಾಡಬೇಕಲ್ಲ ಎಂದು ಹಲ್ಲು ಕಚ್ಚಿಕೊಂಡೇ ಕಲಿಸಿದಳು.

ಎಪ್ಪತ್ತೊಂಬತ್ತರಲ್ಲಿ ತೀರ್ಥಹಳ್ಳಿಯ ಯೋಗಾಸನ ಸ್ಪರ್ಧೆಯಲ್ಲಿ ಅವಳ ಹುಡುಗಿಯರು ಎಲ್ಲರಿಗಿಂತ ಮುಂದೆ ಬಂದರು. ಅತಿಥಿಗಳು ಅದನ್ನು ಮಲೆನಾಡಿನ ಗಾಳಿ ನೀರಿನ ಗುಣ ಎಂದರು. ಹೂವಯ್ಯಗೌಡರು, “ನಮ್ಮ ಹಾಸ್ಟೆಲ್ಲಿನ ಶಿಸ್ತು” ಎಂದರು. ಚಪ್ಪಾಳೆಯ ನಡುವೆಯೇ ಶರಾವತಿ ಅವರ ಬಳಿ ಹೋಗಿ, “ಈಗಾದ್ರೂ ಒಂದು ಕೋಣೆ ಕೊಡ್ತೀರಾ?” ಎಂದಳು.

“ಮಳೆಗಾಲ ಕಳೀಲಿ, ನೋಡಣ.”

ಮಳೆಗಾಲ ಕಳೆದ ಮೇಲೆ ಬೆಚ್ಚಗಿನ ಕೋಣೆ ಯಾರಿಗೆ ಬೇಕು? ಅವಳು ವರ್ಗಾವಣೆ ಕೇಳಿ, ಎಂಬತ್ತೊಂದರಲ್ಲಿ ಸಾಗರಕ್ಕೆ ಬಂದಳು. ಅಲ್ಲಿಯೂ ಅದೇ ಬೇಡಿಕೆ ಇಟ್ಟಾಗ ಹೆಡ್‌ಮಿಸ್ ನಕ್ಕು, “ಬೆಚ್ಚಗಿನ ಕೋಣೆ ನಂಗೇ ಇಲ್ಲ ಮಾರಾಯ್ತಿ” ಎಂದರು. ಶರಾವತಿ ನಗಲಿಲ್ಲ. ಸಾಮಾನು ತುಂಬಿದ್ದ ಕೋಣೆಯೊಂದನ್ನು ತಾನೇ ಗುಡಿಸಿದಳು. ಗಾಳಿಗೆ ಒಂದು ಕಿಟಕಿ ಬಿಟ್ಟು ಉಳಿದವನ್ನು ಮುಚ್ಚಿ, ಆಸನಕ್ಕೆ ಮುಂಚೆ ಹುಡುಗಿಯರನ್ನು ಬೆವರು ಬರುವವರೆಗೆ ಕುಣಿಸಿದಳು. ಹೊಸನಗರದ ಬಚ್ಚಲಿನ ಅರ್ಧದಷ್ಟೂ ಬೆಚ್ಚಗಿಲ್ಲ ಇದು ಎಂದು ಪ್ರತಿದಿನ ಗೊಣಗುತ್ತಲೇ ಚಾಪೆ ಹಾಸುತ್ತಿದ್ದಳು.